ಜಾಡಿ ನನ್ನದು, ಮುಚ್ಚಳ ಅವರದು

ಕೆಲಮಂಗಲದ ಅಂಗಡಿಯಲ್ಲಿ ಮುಚ್ಚಳ ಒಡೆದ ನನ್ನ ಗಾಜಿನ ಉಪ್ಪಿನಕಾಯಿ ಜಾಡಿಯನ್ನು ತೋರಿಸುತ್ತಿದ್ದೆ. ಪಕ್ಕದಲ್ಲಿದ್ದ ಬೇರಿಕೆಯ ಹೆಂಗಸೊಬ್ಬರು ಬಟ್ಟೆಗಂಟು ಬಿಚ್ಚಿ ಅಂಥದ್ದೇ ಮುಚ್ಚಳ ಹೊರತೆಗೆದರು. ಅವರ ಮನೆಯಲ್ಲಿ ಒಡೆದದ್ದು ಜಾಡಿ. ಯುದ್ಧ ಶುರುವಾದ ಮೇಲೆ ಆ ಸೀಮೆ ಮಾಲು ಬರುವುದೇ ನಿಂತಿದೆ ಎಂದು ಅಂಗಡಿಯವರು ಇಬ್ಬರಿಗೂ ತಲೆಯಾಡಿಸಿಬಿಟ್ಟರು.

ಆಕೆ ತಮ್ಮ ಮುಚ್ಚಳವನ್ನು ನನ್ನ ಜಾಡಿಯ ಮೇಲಿಟ್ಟು ನೋಡಿದರು. ಸರಿಯಾಗಿ ಕೂತಿತು.

"ನೀನೇ ಮಡಿಕ್ಕೊಳವ್ವ. ಮಾವಿನಕಾಯಿ ಹಾಕ್ದಾಗ ನಂಗೂ ವಸಿ ಕಳ್ಸು," ಅಂದರು.

ವಸಿ ಕಳಿಸಲು ಮನಸ್ಸಾಗದೆ ಆ ಬೇಸಿಗೆ ಜಾಡಿಯನ್ನೇ ತುಂಬಿ ಕಳಿಸಿದೆ. ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮ ಕಡೆ ಇಲ್ಲವಲ್ಲ, ಅವರು ನಿಂಬೆಕಾಯಿ ತುಂಬಿ ಕಳಿಸಿದರು. ನಾನು ಮತ್ತೆ ಮಾವಿನಕಾಯಿ ತುಂಬಿದೆ.

ಇಷ್ಟು ವರ್ಷಗಳಲ್ಲಿ ಆ ಜಾಡಿಯನ್ನು ನಾನು ಬರಿದಾಗಿ ಕಂಡದ್ದು ತೊಳೆಯುವಾಗ ಮಾತ್ರ.