ಖಾಲಿ ವಾಪಸ್ ಬಾರದ ಮಕ್ತುಂ ಚಾಚಾ

ಮಕ್ತುಂ ಚಾಚಾ ಯುದ್ಧವಿಮಾನ ಹತ್ತುವ ಮೊದಲು ಚಪ್ಪಲಿ ಬಿಟ್ಟು, ಕಂಪ್ಯೂಟರ್ ಟೇಬಲ್ಲಿನ ನಾಲ್ಕೂ ಕಾಲುಗಳಿಗೆ ಒಂದೊಂದು ಸಲ ಒದ್ದು ನೋಡುತ್ತಿದ್ದರು. ಟೈರಿನ ಹವಾ ನೋಡದೆ ಗಾಡಿ ತೆಗೆಯುವ ಅಭ್ಯಾಸ ಅವರಿಗಿರಲಿಲ್ಲ. ಮೂವತ್ತು ವರ್ಷ ಶಹಾಬಾದಿನ ಕಲ್ಲು ಹೇರಿಕೊಂಡು ಲಾರಿ ಓಡಿಸಿ, ಒಂದು ಹಾಸುಗಲ್ಲನ್ನೂ ಒಡೆಯದೆ ಮನೆ ಸೇರಿದವರು.

ಅಳಿಯ ಬಿಟ್ಟುಹೋದ ಹಳೆಯ ಕಂಪ್ಯೂಟರಿನಲ್ಲಿ ಈ ವಿಮಾನದ ಆಟವಿತ್ತು. ಆರು ತಿಂಗಳು ಗುದ್ದಾಡಿದರೂ ಒಮ್ಮೆಯೂ ವಿಮಾನವನ್ನು ನೆಟ್ಟಗೆ ನೆಲಕ್ಕಿಳಿಸಲು ಅವರಿಂದಾಗಲಿಲ್ಲ. ರಜಿಯಾ ಚಾಚಿ ಅಡುಗೆಮನೆಯಿಂದಲೇ, "ಇವತ್ತೂ ಬಿತ್ತೇನ್ರಿ?" ಎಂದು ಕೇಳುತ್ತಿದ್ದರು. ಗಂಡನಿಗೆ ಅದು ಚೆನ್ನಾಗಿಯೇ ನಾಟುತ್ತಿತ್ತು.

"ಆಕಿ ಬಾಜೂಕ ಕುಂತಿರ್ಬೇಕು, ನಾ ಒಮ್ಮಿ ಇಳಿಸ್ಬೇಕು ಮಾಸ್ತರ. ಮತ್ತೇನೂ ಬ್ಯಾಡ ನನಗ," ಎಂದರು ಚಾಚಾ ಒಂದು ದಿನ ನನ್ನ ಹತ್ತಿರ ಬಂದು.

ಪಕ್ಕದ ಮನೆಯ ಇಂಗ್ಲಿಷ್ ಮಾಸ್ತರನಾದ ನನ್ನ ತಲೆಗೆ ಆಟದ ಕೈಪಿಡಿ ಓದಿ ಹೇಳುವ ಕೆಲಸ ಬಂತು. ದಾರಿ ತೋರಿಸುವ ವಿಧಾನಗಳು, ಆಟದ ಭಾಷೆಯಲ್ಲಿ 'ಮೋಡು', ಮೂರು. 'ರೂಟ್' ಒತ್ತಿದರೆ ವಿಮಾನದ ಮುಂದಿನ ಗಾಜಿನ ಮೇಲೆ ಮೂಡುವ ಉಂಗುರದ ಗುರುತು ಮುಂದಿನ ಠಾಣೆಯತ್ತ ಕರೆದೊಯ್ಯುತ್ತದೆ. 'ರಿಟರ್ನ್' ಎಂದರೆ ರನ್‌ವೇಯ ನೇರಕ್ಕೆ ತಂದು ಬಿಡುತ್ತದೆ. 'ಲ್ಯಾಂಡಿಂಗ್' ಕೈಹಿಡಿದು ಕೆಳಗಿಳಿಸುತ್ತದೆ.

ರೂಟ್ ಅವರಿಗೆ ಕೂಡಲೇ ಒಗ್ಗಿತು. ಮೊದಲನೇ ಠಾಣೆ ವಾಡಿ, ಎರಡನೆಯದು ಚಿತ್ತಾಪುರ, ಮೂರು ಸೇಡಂ, ನಾಲ್ಕು ಚಿಂಚೋಳಿ ಎಂದು ಹೆಸರಿಟ್ಟುಕೊಂಡರು. ಒಂದು ದಿನ ಚಿತ್ತಾಪುರ ದಾಟುತ್ತಿದ್ದಂತೆ ಶತ್ರುವಿಮಾನ ಕೆಳಗಿನಿಂದ ಏರಿ ಬಂತು. ಚಾಚಾ ಸುಮ್ಮನೆ ಎಡಕ್ಕೆ ಸರಿದರು. ಅದು ಇವರನ್ನು ಹೊಡೆದು ಉರುಳಿಸಿತು.

"ಸರಿದದ್ಯಾಕ್ರಿ ಚಾಚಾ?"

"ಘಾಟ್‌ನಾಗ ಏರೋ ಗಾಡಿಗಿ ಮೊದಲ ದಾರಿ ಬಿಡ್ಬೇಕು. ಅಂವಗ ಲೈಸೆನ್ಸ್ ಯಾರ್ ಕೊಟ್ರೋ ಏನೋ."

ನಿಜವಾದ ತಕರಾರು ಇದ್ದದ್ದು ರಿಟರ್ನ್ ಮೋಡಿನಲ್ಲಿ. ವಾಪಸ್ ಬರುವಾಗ ಲಾರಿ ಖಾಲಿ ಇರಬಾರದು. ಎರಡು ದಿನ ಕಾದಾದರೂ ಲೋಡು ಹಿಡಿದೇ ಬರಬೇಕು. ಆಕಾಶದಲ್ಲಿ ಲೋಡು ಕೊಡುವವರು ಯಾರು? ಹಾಗಾಗಿ ಚಾಚಾ ಒಂದು ಕ್ಷಿಪಣಿಯನ್ನೂ ಹಾರಿಸದೆ, ಒಯ್ದ ಮಾಲನ್ನೇ ಹೊತ್ತು ತರುತ್ತಿದ್ದರು. ಆ ಭಾರಕ್ಕೆ ವಿಮಾನ ರನ್‌ವೇಗೆ ಅಪ್ಪಳಿಸಿ ಚೂರಾಗುತ್ತಿತ್ತು. ಭಾರವೆಲ್ಲ ಕಳಚುವ ಗುಂಡಿಯೊಂದಿದೆ ಎಂದೆ. ಒತ್ತಿ, ಇಳಿಸಿಯೂ ತೋರಿಸಿದೆ. ಅವರು ನನ್ನತ್ತ ಕನಿಕರದಿಂದ ನೋಡಿದರು.

"ನೀವು ಸಾಲಿ ಮಾಸ್ತರ. ನಿಮಗ ನಡೀತದ. ಡ್ರೈವರ್ ಮಂದಿ ಖಾಲಿ ಬಂದ್ರ ನಾಲ್ಕು ಜನ ನಗ್ತಾರ."

ಹೋದ ತಿಂಗಳು ಒಂದು ಶುಕ್ರವಾರ ವಿಮಾನ ಆಕಾಶದಲ್ಲಿರುವಾಗಲೇ ಆಟವನ್ನು ಅರ್ಧಕ್ಕೇ ತಡೆದಿಟ್ಟು ನಮಾಜಿಗೆ ಹೋದರು. ಮಸೀದಿಯ ಮೆಟ್ಟಿಲಲ್ಲೇ ಕುಸಿದರು. ಮನೆಗೆ ಬಂದದ್ದು ಅವರ ದೇಹ. ನಾನು ಗೋಡೆಗೆ ಒರಗಿ ಅತ್ತೆ.

ಮೂರನೆಯ ದಿನದ ಜಿಯಾರತ್ ಪ್ರಾರ್ಥನೆ ಮುಗಿದ ಮೇಲೆ ಚಾಚಿ ಕರೆಸಿದರು. ಕಂಪ್ಯೂಟರ್ ಇನ್ನೂ ಚಾಲೂ ಇತ್ತು. ಕರೆಂಟ್ ಹೋದಾಗ ಫ್ಯಾನು, ದೀಪ ಎಲ್ಲ ಆರಿಸಿ ಇನ್ವರ್ಟರನ್ನು ಅದೊಂದಕ್ಕೇ ಬಿಟ್ಟಿದ್ದರಂತೆ.

"ಮ್ಯಾಲ ಅದಾರ ಅವರು. ಬಂದ್ ಹ್ಯಾಂಗ ಮಾಡ್ಲಿ? ಇಳಿಸಿ ಕೊಡ್ರಿ ಮಾಸ್ತರ."

ಪರದೆಯ ಮೇಲೆ ರಿಟರ್ನ್ ಮೋಡು. ರೆಕ್ಕೆಯ ಕೆಳಗೆ ಕ್ಷಿಪಣಿಗಳೆಲ್ಲ ಹಾಗೆಯೇ ಇದ್ದವು. ಚಾಚಿ ನನ್ನ ಬಾಜೂ ಕುರ್ಚಿಯಲ್ಲಿ ಕೂತರು. ನನ್ನ ಬೆರಳು ಭಾರ ಕಳಚುವ ಗುಂಡಿಯ ಮೇಲೇ ನಿಂತಿತು.

"ಮಾಲ್ ಇದ್ರ ಇಳಿಯಂಗಿಲ್ಲ ಚಾಚಿ. ಚಾಚಾ ಖಾಲಿ ಬರಲ್ಲ ಅಂತಿದ್ರು."

"ಒಗೀರಿ ಅದನ್ನ. ಮನಷ್ಯಾ ಮನಿಗಿ ಬಂದ್ರ ಸಾಕು."

ಒತ್ತಿದೆ. ವಿಮಾನ ಹಗುರಾಯಿತು. ಲ್ಯಾಂಡಿಂಗ್ ಮೋಡಿಗೆ ಹಾಕಿದೆ. ಎರಡು ಸಲ ಪುಟಿದು, ಅರ್ಧ ಹುಲ್ಲಿನೊಳಗೆ ನುಗ್ಗಿ, ನಿಂತಿತು.

ಚಾಚಿ ಎದ್ದರು. ಸೀರೆ ತುಸು ಎತ್ತಿ ಹಿಡಿದು, ಟೇಬಲ್ಲಿನ ನಾಲ್ಕೂ ಕಾಲುಗಳಿಗೆ ಒಂದೊಂದು ಸಲ ಒದ್ದು ನೋಡಿದರು.

"ಹವಾ ಬರಾಬರಿ ಅದ," ಎಂದರು. "ಈಗ ಬಂದ್ ಮಾಡ್ರಿ."