ಕೂರ್ಚಾ ಮತ್ತು ಕುರ್ಚಿ

ಮೊನ್ನೆ ಟಿಳಕವಾಡಿಯ ಔಷಧಿ ಅಂಗಡಿಯಲ್ಲಿ ಯಾರಿಗೋ ಮೊಣಕಾಲಿನ ಪಟ್ಟಿ ಬಿಚ್ಚಿ ತೋರಿಸುತ್ತಿದ್ದರು. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ನಾನು ಏನು ಕೊಳ್ಳಲು ಬಂದಿದ್ದೆ ಎಂಬುದೇ ಮರೆತುಹೋಗಿ, ಹಿಂದೆ ನಮ್ಮ ಮೇಲಿನ ಮನೆಯಲ್ಲಿದ್ದ ಅಕ್ಕ ನೆನಪಾದರು...

ಅವರು ಖಾನಾಪುರದ ಕಡೆಯವರು, ಮನೆಮಾತು ಮರಾಠಿ. ಬೆಳಗಾವಿಯ ಶಾಲೆಯೊಂದರಲ್ಲಿ ಆಟದ ಶಿಕ್ಷಕಿ. ಖೋ-ಖೋ ಆಡಿಸುವಾಗ ಬಿದ್ದು ಮೊಣಕಾಲು ನೋಯಿಸಿಕೊಂಡು, ಡಾಕ್ಟರರನ್ನು ಕಂಡು ಬಂದ ಸಂಜೆ ಮೆಟ್ಟಿಲ ಮೇಲೆ ಕೂತಿದ್ದರು.

"ಕೂರ್ಚಾ ಖರಾಬ ಆಗೇತಂತ."

"ಕುರ್ಚಿ ಖರಾಬಾದ್ರ ಬಡಿಗ್ಯಾನ ಕರಸೂಣಲ್ರಿ ಅಕ್ಕಾರ."

"ನಿಮ್ಮ ಕನ್ನಡ ಮಂದಿಗೆ ಎಲ್ಲಿ ನೋಡಿದ್ರೂ ಕುರ್ಚೀನ ಕಾಣ್ತೈತಿ ನೋಡ," ಎಂದು ನಕ್ಕರು. ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಕೆಯಂತಿರುವ ಮೃದ್ವಸ್ಥಿಗೆ ಮರಾಠಿಯಲ್ಲಿ ಕೂರ್ಚಾ ಅನ್ನುತ್ತಾರಂತೆ. ಅದಕ್ಕೆ ರಕ್ತದ ಹರಿವಿಲ್ಲ. ಕಿತ್ತುಹೋದರೆ ತಾನಾಗಿ ಕೂಡಿಕೊಳ್ಳುವುದು ಕಷ್ಟ. ಅವರದೇ ಮೂಳೆಮಜ್ಜೆಯಿಂದ ಕಾಂಡಕೋಶಗಳನ್ನು ತೆಗೆದು, ಬಳ್ಳಿಗೆ ಹಾಕುವ ಹಂದರದಂಥ ತೆಳುವಾದ ಪರೆಯ ಮೇಲೆ ಕೂರಿಸಿ, ಕುಳಿ ಬಿದ್ದ ಜಾಗದಲ್ಲಿ ಇಡುವುದು ಡಾಕ್ಟರರ ಯೋಚನೆ. ಕೋಶಗಳು ಅದನ್ನು ಹಿಡಿದು ಹೊಸ ಕೂರ್ಚಾ ಆಗಿ ಬೆಳೆಯುತ್ತವೆ, ಹಂದರ ಕರಗುತ್ತದೆ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಸುಮ್ಮನಿರುವುದುಂಟೆ? ಬೆಳೆದದ್ದು ಮೊದಲಿನಷ್ಟೇ ಗಟ್ಟಿ ಎಂದು ಯಾರು ಬರೆದುಕೊಡುತ್ತಾರೆ? ಎಷ್ಟು ವರ್ಷ ಬಾಳುತ್ತದೆ? ಓಡಲೇಬೇಕೆಂಬ ಹಟವಾದರೂ ಯಾಕೆ? ಅಕ್ಕ ಎಲ್ಲಕ್ಕೂ ತಲೆಯಾಡಿಸಿದರು. ಆಮೇಲೆ ಮೆಲ್ಲಗೆ, "ಸಾಲ್ಯಾಗ ಆಫೀಸ್ ಕೆಲಸಕ್ಕ ಕುಂದರ್ರಿ ಅನ್ನಾಕತ್ತಾರ. ಕೂರ್ಚಾ ಇಲ್ಲಂದ್ರ ನನಗ ಕುರ್ಚೀನ ಗತಿ, ವಕೀಲಬಾಯಿ," ಎಂದರು.

ಆಪರೇಶನ್ ಆಯಿತು. ಆಮೇಲೆ ತಿಂಗಳುಗಟ್ಟಲೆ ಊರುಗೋಲು. ಆಗೆಲ್ಲ ಅವರಿಗೆ ಮೆಟ್ಟಿಲೇ ಮೈದಾನ, ನಾನೇ ಎದುರಾಳಿ. ದೇವರು, ಗಡಿ, ಚಹಾಕ್ಕೆ ಸಕ್ಕರೆ ಮೊದಲೋ ಪುಡಿ ಮೊದಲೋ... ಯಾವುದನ್ನೂ ಬಿಟ್ಟುಕೊಟ್ಟವರಲ್ಲ. ಬೇಸರಪಡದೆ ನನಗೆ ಎದುರಾಡುವವರು ಮನೆಯಲ್ಲೂ ಇರಲಿಲ್ಲ, ಕಾಲೇಜಿನಲ್ಲೂ ಇರಲಿಲ್ಲ.

ಕಾಲು ಕೂಡಿಬಂತು. ದೊಡ್ಡ ಮೈದಾನವಿರುವ ಶಾಲೆ ಹುಡುಕಿಕೊಂಡು ಅಕ್ಕ ಖಾನಾಪುರಕ್ಕೇ ಹೋದರು. ಒಮ್ಮೆ ಬಸ್ಸು ಹತ್ತಿ ನೋಡಲು ಹೋಗಿದ್ದೆ. ಹುಡುಗಿಯರ ಬೆನ್ನು ಹತ್ತಿ ಓಡುತ್ತಿದ್ದರು. ತಿರುಗುವಾಗ ಮಾತ್ರ ತುಸು ಜೋಪಾನ.

"ಈಗೇನಂತಿ?" ಎಂದರು ಏದುಸಿರಿನಲ್ಲಿ.

"ಒಂದ ಮೊಣಕಾಲಿಂದ ಏನೂ ಸಾಬೀತಾಗಂಗಿಲ್ರಿ."

"ನಿನ್ನ ಬಾಯಿಗೆ ಯಾವ ಡಾಕ್ಟರೂ ಇಲ್ಲ ಬಿಡ," ಎಂದು ನಕ್ಕು, ಸೀಟಿ ಊದುತ್ತ ಮತ್ತೆ ಓಡಿದರು. ನಾನು ಕಟ್ಟೆಯ ಮೇಲೆ ಕಾದು ಕೂತೆ. ಆಟ ಮುಗಿಯಲೇ ಇಲ್ಲ... ನನ್ನ ಬಸ್ಸಿನ ಹೊತ್ತಾಯಿತು.

ಮೊದಮೊದಲು ಫೋನ್ ಬರುತ್ತಿತ್ತು. ಆಮೇಲೆ ಹಬ್ಬಕ್ಕೊಂದು ಸಂದೇಶ. ಈಗ ಅದೂ ಇಲ್ಲ. ನಡುವೆ ಜಗಳವೇನೂ ಆಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು.

ಮೇಲಿನ ಮನೆಗೆ ಬೇರೆಯವರು ಬಂದಿದ್ದಾರೆ, ಸಂಭಾವಿತರು. ಎದುರಾದಾಗ ಬೇಕೆಂದೇ ಏನಾದರೂ ತಕರಾರಿನ ಮಾತು ತೆಗೆಯುತ್ತೇನೆ. "ಖರೇ ಐತ್ರಿ," ಎಂದು ಒಪ್ಪಿಕೊಂಡು ಮೆಟ್ಟಿಲು ಹತ್ತಿ ಹೋಗುತ್ತಾರೆ.