ತಂಗಿಗೆ ನಾನು ಕಾಣದೇ ಹೋದ ದಿನಗಳು

ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಶಾಲೆಗೆ ಹೋದದ್ದೂ ಕಡಿಮೆ. ತನ್ನ ಹೆಸರು ಬರೆಯುತ್ತಾಳೆ, ಅಷ್ಟೆ. ಚಿಕ್ಕವರಿದ್ದಾಗ ನಾವಿಬ್ಬರೂ ಕೈಸನ್ನೆಯಲ್ಲೇ ಒಂದು ಭಾಷೆ ಕಟ್ಟಿಕೊಂಡಿದ್ದೆವು. ನಮ್ಮನ್ನು ಬಿಟ್ಟರೆ ಅದು ಪೂರ್ತಿ ತಿಳಿದಿದ್ದವಳು ಅಮ್ಮ. ಅಮ್ಮ ತೀರಿಕೊಂಡ ಮೇಲೆ ನಾನೊಬ್ಬಳೇ ಉಳಿದೆ.

ಅವಳನ್ನು ಹೇಮಗಿರಿ ಹತ್ತಿರದ ಹಳ್ಳಿಗೆ ಕೊಟ್ಟಿದ್ದೇವೆ. ನಾನು ಪಾಂಡವಪುರದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಸಂಜೆ ಡ್ಯೂಟಿ ಮುಗಿಸಿ ಬಂದು ಗೋಡೆಗೊರಗಿ ಕಾಲು ನೀಡಿಕೊಳ್ಳುವ ಹೊತ್ತಿಗೆ ಅವಳ ವಿಡಿಯೋ ಕಾಲ್ ಬರುತ್ತದೆ. ಕಣ್ಣು ಎಳೆಯುತ್ತಿದ್ದರೂ ಎತ್ತಿಕೊಳ್ಳುತ್ತೇನೆ.

ಕಳೆದ ಮಳೆಗಾಲದಲ್ಲಿ ಯೂನಿಫಾರಂ ಒಗೆಯುವಾಗ ಫೋನು ಬಕೆಟ್ಟಿಗೆ ಬಿತ್ತು. ಒರೆಸಿ ಒಣಗಿಸಿದ ಮೇಲೆ ಬದುಕಿಕೊಂಡಿತಾದರೂ ಮುಂದಿನ ಕ್ಯಾಮರಾದಲ್ಲಿ ಬರೀ ಬಿಳಿ ಮಂಜು. ಆ ಸಂಜೆ ತಂಗಿಯ ಮುಖ ನನಗೆ ಚೆನ್ನಾಗಿಯೇ ಕಾಣುತ್ತಿತ್ತು. ಅವಳಿಗೆ ಮಾತ್ರ ನನ್ನ ಕೈಗಳು ಕಾಣಲಿಲ್ಲ. ಕಣ್ಣು ಕಿರಿದು ಮಾಡಿದಳು, ತನ್ನ ಫೋನನ್ನೇ ಸೆರಗಿನಿಂದ ಒರೆಸಿದಳು, ಕೊನೆಗೆ ಇಟ್ಟುಬಿಟ್ಟಳು.

ನನ್ನ ಗಂಡ ಲಾರಿ ಓಡಿಸುವವರು, ಮನೆಯಲ್ಲಿರುವುದೇ ಅಪರೂಪ. ಇರುವುದು ನಾನು ಮತ್ತು ನಮ್ಮತ್ತೆ. ಅತ್ತೆಯದು ಬಟನ್ ಫೋನು. ಹಾಗಾಗಿ ಮಾರನೆಯ ದಿನ ನನ್ನ ಫೋನನ್ನೇ ಅವರ ಕೈಗೆ ಕೊಟ್ಟು, ಹಿಂದಿನ ಕ್ಯಾಮರಾವನ್ನು ನನ್ನ ಕಡೆ ಹಿಡಿಸಿದೆ. ತಂಗಿಗೆ ನಾನು ಕಂಡೆ, ನನಗೆ ಅವಳು ಕಾಣಲಿಲ್ಲ. ಅವಳ ಉತ್ತರ ನೋಡಲು ಅತ್ತೆ ಫೋನು ತಿರುಗಿಸಿದರೆ, ಅವಳ ಪರದೆಯಲ್ಲಿ ನನ್ನ ಬದಲು ಅತ್ತೆಯ ಮುಖ.

"ಏನಂತಾಳವ್ವ?" ಅಂತ ಅತ್ತೆ ಪ್ರತಿಸಲ ಕೇಳುತ್ತಿದ್ದರು.

"ಊಟ ಆಯ್ತಂತೆ."

ತಂಗಿಯ ಕಣ್ಣು ಊದಿಕೊಂಡಿತ್ತು. ನಿನ್ನ ಅತ್ತೆ ಏನಾದರೂ ಅಂದರಾ ಎಂದು ಸನ್ನೆಯಲ್ಲಿ ಕೇಳಿದೆ. ಪರದೆಯಲ್ಲಿದ್ದ ನಮ್ಮತ್ತೆಯ ಮುಖ ನೋಡಿಕೊಂಡು ಅವಳು ಇಲ್ಲ ಅಂದಳು.

ಬಸ್‌ಸ್ಟಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುವ ಸಾಹೇಬರ ಅಂಗಡಿಗೆ ಹೋದೆ. ಅವರಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು, ಕಪ್ಪು ಕನ್ನಡಕ ಹಾಕಿ ಕೂತಿದ್ದರು.

"ಪಾರ್ಟ್ ಐತೆ ಸಿಸ್ಟರ್. ಸಣ್ಣ ಕೆಲಸ ಮಾಡ್ಬೇಡಿ ಅಂತ ಡಾಕ್ಟ್ರು ಅಂದವ್ರೆ. ತಿಂಗ್ಳಾದ್ರೂ ಬೇಕು."

"ಅಷ್ಟು ದಿನ ಆಗಲ್ಲ ಸಾಹೇಬ್ರೇ, ನಾನೇ ಹಾಕ್ಕೋತೀನಿ."

ಅವರು ಮೇಜಿನ ಖಾನೆ ತಡಕಿದರು. ಆಮೇಲೆ ಕ್ಯಾಮರಾದ ಜೊತೆ ಒಂದು ಪುಟ್ಟ ಸ್ಕ್ರೂಡ್ರೈವರನ್ನೂ ಕೊಟ್ಟರು. "ಮೊದ್ಲು ಬ್ಯಾಟರಿ ಕನೆಕ್ಷನ್ ಬಿಚ್ಚಿ. ಆಗ್ತದೆ, ಇನ್ಶಾಲ್ಲಾ."

ಆ ವಾರ ನನಗೆ ನೈಟ್ ಡ್ಯೂಟಿ. ಭಾನುವಾರ ಬೆಳಗ್ಗೆ ಮುಗಿಸಿ ಬಂದವಳು ಮಲಗಲಿಲ್ಲ. ಬಾಗಿಲ ಬೆಳಕಿಗೆ ಚಾಪೆ ಹಾಸಿ, ಸ್ಟೀಲ್ ತಟ್ಟೆ ಇಟ್ಟುಕೊಂಡೆ. ಫೋನಿನ ಹಿಂಬದಿಗೆ ಬಿಸಿನೀರಿನ ಚೀಲ ಒತ್ತಿ ಅಂಟನ್ನು ಮೆದು ಮಾಡಿದೆ. ಹಳೇ ಎಟಿಎಂ ಕಾರ್ಡು ತೂರಿಸಿ ಮೆಲ್ಲಗೆ ಎಬ್ಬಿಸಿದೆ. ಬಿಚ್ಚಿದ ಸ್ಕ್ರೂಗಳು ಉರುಳಿ ಹೋಗದಂತೆ ಅತ್ತೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಬ್ಯಾಟರಿ ಬಿಡಿಸಿ, ಹಳೆಯ ಕ್ಯಾಮರಾ ಕಿತ್ತೆ. ಉದ್ದಿನ ಕಾಳಿನಷ್ಟಿತ್ತು.

"ಇಷ್ಟಕ್ಕೇನವ್ವ ಇಷ್ಟು ಪಾಡು?" ಅಂದರು ಅತ್ತೆ.

ಹೊಸದನ್ನು ಕೂರಿಸಿ, ಎಲ್ಲ ಮುಚ್ಚಿ, ಆನ್ ಮಾಡಿದೆ. ಮತ್ತದೇ ಮಂಜು. ನನಗೆ ಅಳುವಷ್ಟೂ ಶಕ್ತಿ ಇರಲಿಲ್ಲ. ಚಾಪೆಯ ಮೇಲೇ ಉರುಳಿಕೊಂಡೆ.

"ನಾಳೀಕ್ ನೋಡಿವಂತೆ ಬುಡವ್ವ. ಕಣ್ಣು ಕೆಂಪಗಾಗ್ಯದೆ."

ಮಲಗಿದರೆ ನಿದ್ದೆಯೂ ಬರಲಿಲ್ಲ. ಎದ್ದು ಮತ್ತೆ ಬಿಚ್ಚಿದೆ. ಹೊಸ ಕ್ಯಾಮರಾದ ಗಾಜಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಪೊರೆ ಹಾಗೇ ಇತ್ತು, ನಾನು ನೋಡಿರಲಿಲ್ಲ. ಸೂಜಿಯ ಮೊನೆಯಿಂದ ಅದನ್ನು ಬಿಡಿಸಿದೆ. ಈ ಸಲ ಮುಚ್ಚುವ ಮೊದಲೇ ಆನ್ ಮಾಡಿ ನೋಡಿದೆ. ಬಾಚದ ತಲೆ, ಕಪ್ಪುಗಟ್ಟಿದ ಕಣ್ಣು, ನಾನೇ ಸ್ಪಷ್ಟವಾಗಿ ಕಂಡೆ. ಅತ್ತೆ ತಟ್ಟೆ ಕೆಳಗಿಟ್ಟು ಟೀ ಕಾಯಿಸಲು ಎದ್ದರು.

ಸಂಜೆ ತಂಗಿಗೆ ನಾನೇ ಕಾಲ್ ಮಾಡಿದೆ. ನನ್ನ ಕೈಗಳು ಕಂಡದ್ದೇ ಅವಳು ಶುರು ಮಾಡಿದಳು. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದಿರುವ ಅವಳತ್ತೆ, ನನ್ನ ಫೋನು ಕೆಟ್ಟ ದಿನವೇ ರಾತ್ರಿ ಕೂಗಿದ್ದಾರೆ. ಇವಳ ಗಂಡ ಮನೆಯಲ್ಲಿರಲಿಲ್ಲ, ಇವಳಿಗೆ ಕೇಳಿಲ್ಲ. ಅವರೇ ಇಳಿಯಲು ಹೋಗಿ ಬಿದ್ದಿದ್ದಾರೆ. ಬೆಳಗ್ಗೆ ನೆಂಟರೆಲ್ಲ ಬಂದು ಇವಳ ಸುತ್ತ ನಿಂತು ಬಾಯಿ ಆಡಿಸಿದ್ದಾರೆ. ಏನೆಂದರೋ ಗೊತ್ತಾಗಲಿಲ್ಲ, ಮುಖಗಳು ಮಾತ್ರ ಗೊತ್ತಾದವು ಅಂದಳು. ಅಷ್ಟು ದಿನ ಅದನ್ನು ಯಾರಿಗೂ ಹೇಳಲಾಗದೆ ಇಟ್ಟುಕೊಂಡಿದ್ದಳು. ಅವಳ ಕೈಗಳು ನಿಲ್ಲುವವರೆಗೆ ನಾನು ಅಡ್ಡ ಬರಲಿಲ್ಲ.

ಮುಂದಿನ ರಜೆಗೆ ಕೆ.ಆರ್.ಪೇಟೆ ಬಸ್ಸು ಹತ್ತಿ ತಂಗಿಯ ಮನೆಗೆ ಹೋದೆ. ಹಳೇ ಸೀರೆಯನ್ನು ಉದ್ದಕ್ಕೆ ಹರಿದು ಹಗ್ಗದ ಹಾಗೆ ಹೆಣೆದೆ. ಒಂದು ತುದಿಯನ್ನು ಮುದುಕಿಯ ಮಂಚಕ್ಕೆ, ಅವರ ಕೈಗೆ ಎಟುಕುವಂತೆ ಕಟ್ಟಿದೆ. ಇನ್ನೊಂದು ತುದಿ, ಕೆಳಗೆ ಮಲಗುವ ತಂಗಿಯ ಮಣಿಕಟ್ಟಿಗೆ. ಹಾಸಿದ ದುಪ್ಪಟಿ ಹಿಡಿದು ರೋಗಿಯನ್ನು ಮಗ್ಗುಲು ಬದಲಿಸುವುದನ್ನೂ ತೋರಿಸಿದೆ, ತಂಗಿಯ ಬೆನ್ನಿಗೆ ಭಾರ ಬೀಳದಿರಲಿ ಅಂತ.

ಮುದುಕಿ ಒಮ್ಮೆ ಎಳೆದು ನೋಡಿದರು. ತಂಗಿ ಎದ್ದು ಹೋಗಿ ಅವರ ಮುಂದೆ ನಿಂತಳು.

"ನೀರು ಕೊಡು ಅನ್ನವ್ವ ಇವಳಿಗೆ," ಅಂತ ಅವರು ನನಗೆ ಹೇಳಿದರು. ನೀವೇ ಹೇಳಿ ಅಂತ ಹೆಬ್ಬೆರಳನ್ನು ಬಾಯಿಗೆ ಹಿಡಿದು ತೋರಿಸಿಕೊಟ್ಟೆ. ಅವರು ಹಾಗೇ ಮಾಡಿದರು. ತಂಗಿ ನೀರು ತಂದಳು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಅಲ್ಲೇ ಜಗುಲಿಯ ಮೇಲೆ ಒರಗಿದವಳಿಗೆ ಯಾವಾಗ ನಿದ್ದೆ ಹತ್ತಿತೋ ತಿಳಿಯಲಿಲ್ಲ.